ಕೋಲಿನ ನಾಡು, ತಕ್ಕಡಿಯ ನಾಡು

'ಅಥೆನ್ಸ್ ಮತ್ತು ಸ್ಪಾರ್ಟಾಗಳನ್ನು ಹೋಲಿಸಿ ಬರೆಯಿರಿ' ಎಂಬ ಪ್ರಶ್ನೆಯನ್ನು ಎದುರಿಸದೆ ಕಾಲೇಜು ದಾಟಿದವರು ನನ್ನ ತಲೆಮಾರಿನಲ್ಲಿ ವಿರಳ. ಒಂದು ಹಡಗಿನ ನಾಡು, ಇನ್ನೊಂದು ಕತ್ತಿಯ ನಾಡು ಎಂದು ಆರಂಭಿಸಿ ನಾಲ್ಕು ಪುಟ ತುಂಬಿಸಿ ಹತ್ತಕ್ಕೆ ಆರು ಅಂಕ ಗಳಿಸಿಕೊಂಡು ಬಂದವರು ನಾವು. ಆದರೆ ತಾಳಗುಪ್ಪದ ಬಸ್ಸು ನಿಲ್ದಾಣದಲ್ಲಿ ನಿಂತವನಿಗೆ ಗ್ರೀಸಿನವರೆಗೆ ಹೋಗುವ ಅಗತ್ಯವಿಲ್ಲ. ಸಾಗರದ ಕಡೆಗೆ ಹೊರಟ ಬಸ್ಸು ಹತ್ತಿದರೆ ಒಂದು ತಾಸಿನಲ್ಲಿ ಇಕ್ಕೇರಿಯ ಹಾದಿ ಸಿಗುತ್ತದೆ. ಹೊನ್ನಾವರದ ಬಸ್ಸು ಹತ್ತಿ ಘಟ್ಟವಿಳಿದರೆ ಎರಡು ತಾಸಿನೊಳಗೆ ಗೇರುಸೊಪ್ಪೆ. ಒಂದೇ ಘಟ್ಟದ ತಲೆಯ ಮೇಲೊಂದು, ಬುಡದಲ್ಲೊಂದು, ಎರಡು ಪುಟ್ಟ ರಾಜ್ಯಗಳು ನೂರು ವರ್ಷ ಎದುರುಬದುರಾಗಿ ಬಾಳಿದವು. ಎರಡಕ್ಕೂ ವಿಜಯನಗರವೇ ಹಿರಿಯ ಮನೆ. ಎರಡಕ್ಕೂ ಅದೇ ಕಾಡು, ಅದೇ ಮಳೆ, ಅದೇ ಕಾಳುಮೆಣಸಿನ ಬಳ್ಳಿ. ಆದರೂ 'ನಾಡು ಏಳಿಗೆ ಹೊಂದಿತು' ಎಂದರೆ ಏನು ಎಂಬ ಪ್ರಶ್ನೆಗೆ ಅವು ಕೊಟ್ಟುಕೊಂಡ ಉತ್ತರಗಳು ಬೇರೆ ಬೇರೆ.

ಈ ಮಾತನ್ನು ಎತ್ತುವುದಕ್ಕೆ ಕಾರಣವಾದದ್ದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆ. ಕೆಳದಿಯ ಕಾಲದ ಸಾಹಿತ್ಯವನ್ನು ಹೇಳುತ್ತಿದ್ದೆ. ನಡುವೆ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಬಂತು. ಹಿಂದಿನ ಬೆಂಚಿನಿಂದ ಹುಡುಗ ಎದ್ದು, "ಕೊನೆಗೆ ಗೆದ್ದವರು ಯಾರು ಸಾರ್?" ಎಂದ. "ಕೆಳದಿಯವರು" ಎಂದುಬಿಟ್ಟೆ. ಗಂಟೆ ಹೊಡೆಯಿತು. ಉತ್ತರ ತಪ್ಪಲ್ಲ; ಆದರೆ ಮನೆಗೆ ಬಂದ ಮೇಲೂ ಅದು ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಕಾಡುತ್ತಲೇ ಇತ್ತು.

ಮೊದಲು ಘಟ್ಟದ ಮೇಲಿನವರನ್ನು ನೋಡೋಣ. ಹದಿನಾರನೆಯ ಶತಮಾನದ ಆರಂಭದಲ್ಲಿ ಕೆಳದಿಯ ಚೌಡಪ್ಪನಿಂದ ಮೊದಲಾದ ಮನೆತನ ಇದು. ಬೇಸಾಯದ ಮನೆಯಿಂದ ಬಂದವರು. ವಿಜಯನಗರದ ಅರಸರಿಗೆ ದುಡಿದು ನಾಯಕತನ ಪಡೆದವರು. ಕೆಳದಿಯಿಂದ ಇಕ್ಕೇರಿಗೆ, 1637ರ ಬಿಜಾಪುರದ ದಾಳಿಯಿಂದ ಇಕ್ಕೇರಿ ನೊಂದ ಮೇಲೆ ಅಲ್ಲಿಂದ ಬಿದನೂರಿಗೆ, ರಾಜಧಾನಿ ಎರಡು ಸಲ ಮನೆ ಬದಲಿಸಿತು. ಮನೆ ಬದಲಾದರೂ ಮನಸ್ಸು ಬದಲಾಗಲಿಲ್ಲ. ನೆಲವನ್ನು ಅಳೆ, ಎಲ್ಲೆಯನ್ನು ಗುರುತಿಸು, ಕಂದಾಯವನ್ನು ಗೊತ್ತುಮಾಡು, ಕೋಟೆಯನ್ನು ಕಟ್ಟು: ಇದು ಆ ಮನೆತನದ ರಾಜನೀತಿ.

ಇದಕ್ಕೆ ಸಾಕ್ಷಿ ಬೇಕಾದರೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋಗಬೇಕು. ಅಲ್ಲಿಗೆ ಹೋದವರು ಕಂಬಗಳ ಕೆತ್ತನೆಯನ್ನು ನೋಡುತ್ತಾರೆ, ಎದುರಿನ ಮಂಟಪದ ದೊಡ್ಡ ನಂದಿಯ ಹೊಟ್ಟೆಯ ಕೆಳಗೆ ಮಕ್ಕಳನ್ನು ನುಸುಳಿಸುತ್ತಾರೆ, ಚಿತ್ರ ತೆಗೆಸಿಕೊಂಡು ಮರಳುತ್ತಾರೆ. ಆ ಗುಡಿಯ ನಡುಗಂಬಗಳ ನಡುವಣ ಅಂತರವೇ ಒಂದು ಕಾಲಕ್ಕೆ ಈ ಸೀಮೆಯ ತೋಟಗಳನ್ನೆಲ್ಲ ಅಳೆಯುವ ಪ್ರಮಾಣವಾಗಿತ್ತು ಎಂಬುದು ಹೆಚ್ಚು ಮಂದಿಗೆ ತಿಳಿಯದು. 18 ಅಡಿ 6 ಅಂಗುಲ. ಆ ಉದ್ದದ ಕೋಲಿಗೆ 'ದಾಯ' ಎಂದು ಹೆಸರು. ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ದಾಖಲಿಸಿದ್ದಾರೆ. ದೇವರ ಮನೆಯನ್ನೇ ಅಳತೆಗೋಲು ಮಾಡಿಕೊಂಡ ರಾಜ್ಯ! ಅಡಕೆ ಬೆಳೆಗಾರನಿಗೂ ಶಾನುಭೋಗನಿಗೂ ಕೋಲಿನ ಉದ್ದದ ಬಗ್ಗೆ ತಕರಾರು ಬಂದರೆ ಇಬ್ಬರೂ ದೇವಸ್ಥಾನದ ಕಡೆಗೆ ಕೈ ತೋರಿಸಬಹುದಾಗಿತ್ತು. ಕಲ್ಲಿನ ಕಂಬ ಯಾರಿಗಾಗಿಯೂ ಸರಿಯುವುದಿಲ್ಲವಷ್ಟೆ.

ಈ ಬುದ್ಧಿ ಪಕ್ವವಾದದ್ದು 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನಲ್ಲಿ. ಅವನ 'ಶಿಸ್ತು' ಎಲ್ಲರಿಗೂ ಗೊತ್ತು. ಗೊತ್ತಿರುವುದು ಮಾತ್ರ ಸ್ವಲ್ಪ ಬೇರೆ ಅರ್ಥದಲ್ಲಿ. ಇಂದು ಶಿಸ್ತು ಎಂದರೆ ಸಾಲಾಗಿ ನಿಲ್ಲುವುದು, ಹೊತ್ತಿಗೆ ಸರಿಯಾಗಿ ಬರುವುದು. ಅಂದು ಶಿಸ್ತು ಎಂದರೆ ಗೊತ್ತುಪಡಿಸಿದ ಕಂದಾಯ. ನಮ್ಮ ಭಾಷೆಯಲ್ಲಿ ಒಬ್ಬ ಅರಸನ ತೆರಿಗೆಯ ಲೆಕ್ಕ ನಡತೆಯ ಹೆಸರಾಗಿಬಿಟ್ಟಿದೆ. ತೆರಿಗೆಯ ಹೆಸರು ಬೈಗುಳವಾಗದೆ ಒಳ್ಳೆಯ ಮಾತಾಗಿ ಉಳಿಯಬೇಕಾದರೆ ಆ ಲೆಕ್ಕದಲ್ಲಿ ಏನೋ ನ್ಯಾಯವಿದ್ದಿರಲೇಬೇಕು. ಅದರ ಕ್ರಮ ಹೀಗೆ: ನೆಲವನ್ನು ಗುಣದ ಮೇಲೆ ಐದು ತರಗತಿಯಾಗಿ ವಿಂಗಡಿಸಿ, ಹಳ್ಳಿಹಳ್ಳಿಯಲ್ಲೂ ಒಂದೊಂದು ತರಗತಿಯ ಒಂದೊಂದು ಗದ್ದೆಯನ್ನು ಅರಮನೆಯ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಫಸಲೆಷ್ಟು ಎಂದು 12 ವರ್ಷ ಬರೆದಿಡಿಸಿ, ಅದರ ಸರಾಸರಿ ತೆಗೆದು ಮೂರನೆಯ ಒಂದು ಪಾಲನ್ನು ಅರಮನೆಗೆ ಎಂದು ಗೊತ್ತುಮಾಡಿದ. ಅಡಕೆ ತೋಟಕ್ಕೆ ಸಾವಿರ ಮರದ ಲೆಕ್ಕ. ನಾಲ್ಕು ತಿಂಗಳಲ್ಲಿ ವರದಿ ಒಪ್ಪಿಸಬೇಕಾದ ಸಮಿತಿಗಳನ್ನು ಕಂಡ ನಮಗೆ 12 ವರ್ಷದ ಈ ತಾಳ್ಮೆ ದಂತಕಥೆಯಂತೆ ತೋರುತ್ತದೆ. ಅವನು ಹೋಗಿ ನೂರನಲವತ್ತು ವರ್ಷದ ಮೇಲೆ, 1801ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನಿಗೂ ಜನ ಆ ಶಿಸ್ತಿನ ಸುದ್ದಿಯನ್ನೇ ಹೇಳಿದರು.

ಘಟ್ಟದ ಕೆಳಗಿನವರ ರೀತಿ ಬೇರೆ.

ಗೇರುಸೊಪ್ಪೆಯ ಸಾಳುವ ಮನೆತನ ಜೈನರದು. ನಗಿರೆಯ ರಾಜ್ಯವೆಂದು ಶಾಸನಗಳಲ್ಲಿ ಹೆಸರು. ಊರಿಗೆ ಸಂಸ್ಕೃತದಲ್ಲಿ ಕ್ಷೇಮಪುರ, ಭಲ್ಲಾತಕೀಪುರ ಎಂದೂ ಕರೆದಿದ್ದಾರೆ. ಭಲ್ಲಾತಕವೆಂದರೆ ಕೇರು ಬೀಜದ ಮರ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಆ ಗೇರು. ಇಂದು ನಾವು ಹುರಿದು ತಿನ್ನುವ ಗೋಡಂಬಿಯ ಗೇರು ಪೋರ್ಚುಗೀಸರು ತಂದದ್ದು, ಊರಿನ ಹೆಸರಿಗಿಂತ ಎಷ್ಟೋ ಕಿರಿದು. ಇರಲಿ. ಶರಾವತಿ ಘಟ್ಟದಿಂದ ಧುಮುಕಿ, ದಣಿವಾರಿಸಿಕೊಂಡು, ದೋಣಿ ನಡೆಯುವಷ್ಟು ಶಾಂತವಾಗುವ ಜಾಗದಲ್ಲಿ ಈ ಪಟ್ಟಣ ಹುಟ್ಟಿತು. ಹೇರೆತ್ತು ಇಳಿದು ಬರುವ ದಾರಿ ಇಲ್ಲಿಗೆ ಮುಗಿಯುತ್ತದೆ. ದೋಣಿಯ ದಾರಿ ಇಲ್ಲಿಂದ ಆರಂಭವಾಗುತ್ತದೆ. ಹೊರೆ ಬೆನ್ನಿನಿಂದ ನೀರಿಗೆ ಬದಲಾಗುವ ಈ ಜಾಗವೇ ಅವರ ರಾಜ್ಯದ ಹೃದಯ. ಕೆಳಗೆ ಹೊನ್ನಾವರ, ದಕ್ಷಿಣಕ್ಕೆ ಭಟ್ಕಳ. ಹದಿನಾರನೆಯ ಶತಮಾನದ ಆದಿಯಲ್ಲಿ ಭಟ್ಕಳವನ್ನು ಕಂಡ ಬಾರ್ಬೋಸ ಅಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಹೋಗುವುದನ್ನೂ ಹೊರ್ಮುಜಿನಿಂದ ಕುದುರೆಗಳು ಬಂದಿಳಿಯುವುದನ್ನೂ ಬರೆದಿದ್ದಾನೆ. ಕುದುರೆ ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿತ್ತು, ಮೆಣಸು ಘಟ್ಟ ಇಳಿದು ಹಡಗಿಗೆ ಬರುತ್ತಿತ್ತು. ನಡುವೆ ತಕ್ಕಡಿ ಹಿಡಿದು ಕೂತವರು ಇವರು.

ಇಂಥ ನಾಡಿಗೆ ನೆಲದ ವಿಸ್ತೀರ್ಣ ಮುಖ್ಯವಲ್ಲ. ಬಂದು ಹೋಗುವವರ ಸಂಖ್ಯೆ ಮುಖ್ಯ, ಅವರ ನಂಬಿಕೆ ಮುಖ್ಯ. ಇಲ್ಲಿ ಬಸದಿ ಕಟ್ಟಿಸಿದವರಲ್ಲಿ ಅರಸರಷ್ಟೇ ಅಲ್ಲ, ಸೆಟ್ಟಿಗಳೂ ಇದ್ದಾರೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಗೇರುಸೊಪ್ಪೆಯವರ ದಾನಧರ್ಮದ ಉಲ್ಲೇಖ ಬರುತ್ತದೆ. ಊರಿನ ಹಣ ಊರಾಚೆಯ ಗುಡಿಗೆ ಹರಿಯುವುದು ಅವರ ಏಳಿಗೆಯ ಒಂದು ಗುರುತು. ಪಟ್ಟಕ್ಕೆ ಹೆಣ್ಣುಮಕ್ಕಳು ಬರುವುದು ಇಲ್ಲಿ ಅಪರೂಪವಲ್ಲ. ಕೆಳದಿಯಲ್ಲೂ 1671ರಲ್ಲಿ ಚೆನ್ನಮ್ಮಾಜಿ ಪಟ್ಟಕ್ಕೆ ಬಂದು ಇಪ್ಪತ್ತಾರು ವರ್ಷ ಆಳಿ ಕೀರ್ತಿವಂತಳಾದಳು. ಆದರೆ ಅಲ್ಲಿ ಅದು ಗಂಡನ ದುರ್ಮರಣದಿಂದ ಬಂದ ಅನಿವಾರ್ಯ; ಇಲ್ಲಿ ಅದು ವಾಡಿಕೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಚೆನ್ನಭೈರಾದೇವಿ ಹತ್ತಿರ ಹತ್ತಿರ ಅರ್ಧ ಶತಮಾನ ಆಳಿದಳು. ಅವಳ ನಾಡಿನಿಂದ ಹೊರಡುವ ಮೆಣಸನ್ನು ಕಂಡು ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದರು. ಹೆಸರಿನಲ್ಲಿ ಸ್ವಲ್ಪ ಹಾಸ್ಯವೂ, ಬಹಳಷ್ಟು ಆಸೆಯೂ ಇತ್ತೆನ್ನಬೇಕು.

ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ನೋಡಿದವರಿಗೆ ನಾನು ಹೇಳುವುದು ಇನ್ನಷ್ಟು ಸ್ಪಷ್ಟವಾದೀತು. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಕಡೆಯಿಂದ ಬಂದವನಿಗೂ ಜಿನನ ಎದುರು ಮುಖ. ಜೈನ ವಾಸ್ತುವಿನಲ್ಲಿ ಇದು ಹೊಸತಲ್ಲ, ಕಾರ್ಕಳದಲ್ಲೂ ಇದೆ. ಆದರೂ ನದಿಯ ಆಚೆ ದಡದ ಕಾಡಿನಲ್ಲಿ, ಮಾಡಿಲ್ಲದೆ, ಮಾತಿಲ್ಲದೆ ನಿಂತ ಆ ಕಟ್ಟಡವನ್ನು ನೋಡುವಾಗ, ಬೆನ್ನೆಂಬುದೇ ಇಲ್ಲದ ಮನೆಯನ್ನು ಕಟ್ಟಿಕೊಂಡ ಜನ ಇವರು ಎಂದು ನನಗೆ ಅನ್ನಿಸಿದೆ.

ಬೆನ್ನಿಲ್ಲದ್ದೇ ಅವರಿಗೆ ಮುಳುವಾಯಿತೇನೋ. ಗೇರುಸೊಪ್ಪೆ ಸಮುದ್ರದಿಂದ ಒಳಗೆ, ನದಿಯ ಮೇಲೆ ಇದೆ. ನದಿಯ ಬಾಯಿ ಹೊನ್ನಾವರ. ಬಾಯಿ ಯಾರ ಕೈಯಲ್ಲಿದೆಯೋ ಉಸಿರು ಅವರ ಕೈಯಲ್ಲಿ. ಇವರ ಬಳಿ ಮೆಣಸಿತ್ತು; ಸಮುದ್ರದ ಮೇಲೆ ಅದನ್ನು ಕಾಯುವ ಹಡಗುಪಡೆ ಇರಲಿಲ್ಲ. 1542ರಲ್ಲಿ ಕಪ್ಪದ ನೆವದಿಂದ ಪೋರ್ಚುಗೀಸರು ಭಟ್ಕಳವನ್ನು ಸುಟ್ಟರು. 1569ರಲ್ಲಿ ಗೋವೆಯ ವೈಸ್‌ರಾಯ್ ಲೂಯಿಸ್ ದೆ ಅತಾಯಿದೆ ಹೊನ್ನಾವರವನ್ನು ಹಿಡಿದು ಅಲ್ಲಿ ಕೋಟೆ ಬಲಪಡಿಸಿದ. ಮರುವರ್ಷವೇ ರಾಣಿಯ ಪಡೆ ಬಿಜಾಪುರದ ನೆರವು ಪಡೆದು ಹೊನ್ನಾವರಕ್ಕೆ ಮುತ್ತಿಗೆ ಹಾಕಿತು. ಆ ವರ್ಷ ಬಿಜಾಪುರ, ಅಹಮದ್‌ನಗರ, ಕಲ್ಲಿಕೋಟೆಗಳೆಲ್ಲ ಸೇರಿ ಪೋರ್ಚುಗೀಸರ ಮೇಲೆ ಬಿದ್ದಿದ್ದವು. ದೊಡ್ಡವರ ಆ ಕೂಟದಲ್ಲಿ ಈ ಪುಟ್ಟ ರಾಜ್ಯದ ಹೆಂಗಸೂ ಒಬ್ಬಳು. ಕೋಟೆ ಮಾತ್ರ ಬೀಳಲಿಲ್ಲ. ಮುಂದೆ ಅವಳು ಕಾದಾಡಿದ ಪೋರ್ಚುಗೀಸರಿಗೇ ಮೆಣಸು ಮಾರುತ್ತ, ಅವರ ಪರವಾನೆಯ ಪತ್ರಕ್ಕೆ ಕಾಯುತ್ತ, ಸಂಧಿ ವಿಗ್ರಹಗಳ ನಡುವೆ ದಾರಿ ಹುಡುಕುತ್ತ ಮೂರು ದಶಕಗಳನ್ನು ಕಳೆದಳು. ಮಿರ್ಜಾನ್ ಕೋಟೆಯನ್ನು ಜನ ಅವಳ ಹೆಸರಿನಲ್ಲೇ ಹೇಳುತ್ತಾರೆ. ನಮ್ಮ ಸಾಗರ ತಾಲೂಕಿನ ಕಾಡಿನಲ್ಲಿ ಹಾಳುಬಿದ್ದಿರುವ ಕಾನೂರು ಕೋಟೆಯ ನೆನಪೂ ಅವಳದೇ. ಘಟ್ಟದ ಮೇಲಣ ಬಾಗಿಲನ್ನು ಕಾಯಬೇಕೆಂಬ ಎಚ್ಚರ ಅವಳಿಗೆ ಇರಲಿಲ್ಲವೆನ್ನುವಂತಿಲ್ಲ.

ಇದೇ ಕಾಲದಲ್ಲಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಇನ್ನೊಂದು ತಕ್ಕಡಿಯ ನಾಡು ತಲೆಯೆತ್ತುತ್ತಿತ್ತು. 1602ರಲ್ಲಿ ಡಚ್ಚರು ತಮ್ಮ ಈಸ್ಟ್ ಇಂಡಿಯಾ ಕಂಪೆನಿಯನ್ನು ಕಟ್ಟಿದರು. ಹಾಲೆಂಡಿಗೂ ನೆಲ ಕಡಿಮೆ. ಇದ್ದ ನೆಲವೂ ಸಮುದ್ರದಿಂದ ಕಿತ್ತುಕೊಂಡದ್ದು. ಅವರ ನೆಲದಲ್ಲಿ ಮೆಣಸಿನ ಒಂದು ಬಳ್ಳಿಯೂ ಬೆಳೆಯುವುದಿಲ್ಲ. ಆದರೆ ಹಡಗು ಅವರದು, ಫಿರಂಗಿ ಅವರದು. ಬಳ್ಳಿ ಇದ್ದು ಹಡಗಿಲ್ಲದವರು ಮುಳುಗಿದರು, ಹಡಗಿದ್ದು ಬಳ್ಳಿ ಇಲ್ಲದವರು ತೇಲಿದರು.

1606ರ ಸುಮಾರಿಗೆ ಇಕ್ಕೇರಿಯ ವೆಂಕಟಪ್ಪನಾಯಕ ಗೇರುಸೊಪ್ಪೆಯನ್ನು ಗೆದ್ದ. ರಾಣಿ ಸೆರೆಯಾಗಿ ಘಟ್ಟದ ಮೇಲೆಯೇ ಕಣ್ಮುಚ್ಚಿದಳೆಂದು ಈ ಕಡೆಯ ಹೇಳಿಕೆ. ಯುದ್ಧದ ವಿವರಗಳಿಗೆ ನಾವು ಹೆಚ್ಚಾಗಿ ಗೆದ್ದವರ ಬಾಯನ್ನೇ ನೋಡಬೇಕು. ಕೆಳದಿಗೆ ಲಿಂಗಣ್ಣ ಕವಿಯ 'ಕೆಳದಿನೃಪವಿಜಯ' ಇದೆ, ಅರಸನೇ ಬರೆದ 'ಶಿವತತ್ತ್ವರತ್ನಾಕರ' ಇದೆ. ಸೋತ ಊರಿನ ಪಾಲಿಗೆ ಉಳಿದದ್ದು ಕಲ್ಲಿನ ಮೇಲಿನ ಅಕ್ಷರ, ಪರದೇಶದವರ ಪತ್ರ.

ಅಂಥ ಪತ್ರಗಳಲ್ಲಿ ಇಟಲಿಯ ಪಯಣಿಗ ಪಿಯೆತ್ರೋ ದೆಲ್ಲಾ ವಾಲ್ಲೆಯದು ಸೊಗಸಾದದ್ದು. 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆಗೂಡಿ ಅವನು ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಬಂದ. ನದಿಯ ಚೆಲುವಿಗೆ ಮಾರುಹೋದ. ಗೇರುಸೊಪ್ಪೆಯಲ್ಲಿ ಇಳಿದು ನೋಡಿದರೆ ಪಟ್ಟಣವಿಲ್ಲ. ಅರಮನೆಯ ಜಾಗದಲ್ಲಿ ಮರಗಳೆದ್ದಿವೆ, ಅಲ್ಲೊಂದು ಇಲ್ಲೊಂದು ರೈತರ ಗುಡಿಸಲು. ಸೋತು ಇಪ್ಪತ್ತು ವರ್ಷ ತುಂಬಿರಲಿಲ್ಲ. ಮಲೆನಾಡಿನಲ್ಲಿ ಒಂದು ಮಳೆಗಾಲ ಬಿಟ್ಟರೆ ಅಂಗಳದಲ್ಲಿ ಕಾಡೇಳುತ್ತದೆಂಬುದು ನಮಗೆ ಹೊಸತಲ್ಲ, ಆದರೂ ಇದನ್ನು ಓದುವಾಗ ಮನಸ್ಸು ಹಿಂಡುತ್ತದೆ. ರಾಣಿ ಯಾರೋ ಪರದೇಶಿಯನ್ನು ನಚ್ಚಿ, ಅವನಿಗೆ ರಾಜ್ಯ ಒಪ್ಪಿಸಿ, ಅವನು ತಿರುಗಿಬಿದ್ದುದರಿಂದ ಕೆಟ್ಟಳೆಂಬ ಕಥೆಯೂ ಅವನ ಕಿವಿಗೆ ಬಿದ್ದಿತು, ಅವನು ಬರೆದುಕೊಂಡ. ಈ ಕಥೆಯನ್ನು ನಾನು ನಂಬುವುದಿಲ್ಲ. ಗಂಡು ಸೋತರೆ ಸೈನ್ಯ ಸಾಲಲಿಲ್ಲ ಎನ್ನುತ್ತಾರೆ, ಹೆಣ್ಣು ಸೋತರೆ ಶೀಲ ಸಾಲಲಿಲ್ಲ ಎನ್ನುತ್ತಾರೆ. ಅರ್ಧ ಶತಮಾನ ಪೋರ್ಚುಗೀಸರನ್ನು ಆಡಿಸಿದವಳು ಒಬ್ಬ ಅಲೆಮಾರಿಯ ಕೈಗೆ ಬೀಗದ ಕೈ ಕೊಟ್ಟಳೆಂಬುದನ್ನು ಗೆದ್ದವರ ಊರಿನ ಹರಟೆಯೆಂದು ಬಗೆಯುವುದೇ ನ್ಯಾಯ.

ಅಲ್ಲಿಂದ ಅವನು ಘಟ್ಟ ಹತ್ತಿದ. ಮೇಲೆ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿಕೊಂಡು, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬೆರಗಾದ. ಮೇಷ್ಟರು ಬರದಿದ್ದರೂ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರಂತೆ. ಮೇಷ್ಟರಾದ ನನಗೆ ಈ ಭಾಗ ಓದಿದಾಗಲೆಲ್ಲ ಸ್ವಲ್ಪ ಇರಿಸುಮುರಿಸು. ಆದರೆ ಕೋಲಿನ ನಾಡಿನ ಹೊಸ್ತಿಲಲ್ಲಿ ಪಯಣಿಗನಿಗೆ ಮೊದಲು ಕೇಳಿಸಿದ್ದು ಲೆಕ್ಕದ ಪಾಠವೆಂಬುದು ಎಂಥ ಸೋಜಿಗ!

ಇಕ್ಕೇರಿಯನ್ನು ಕಂಡ ಅವನು ವೆಂಕಟಪ್ಪನಾಯಕನನ್ನು ಪೋರ್ಚುಗೀಸರು ಮಹಾರಾಜನಂತೆ ಓಲೈಸುವುದನ್ನು ನೋಡಿ ಒಳಗೊಳಗೇ ನಕ್ಕ; ಇಷ್ಟು ಸಣ್ಣ ನಾಡಿನವನನ್ನು ಪುಟ್ಟರಸನೆಂದರೆ ಸಾಕು ಎಂದು ಬರೆದ. ಆದರೆ ಓಲೈಕೆಯ ಗುಟ್ಟು ಅವನಿಗೂ ಗೊತ್ತಿತ್ತು. ಮೆಣಸು! ಗೇರುಸೊಪ್ಪೆಯ ತಕ್ಕಡಿ ಈಗ ಇಕ್ಕೇರಿಯ ಕೈಗೆ ಬಂದಿತ್ತು. ಅಷ್ಟೇ ಅಲ್ಲ, ಗೋವೆಯಲ್ಲಿ ಇಕ್ಕೇರಿಯ ಪರವಾಗಿ ಮಾತಾಡುತ್ತಿದ್ದ ರಾಯಭಾರಿ ವಿಠಲ ಶೆಣೈ. ಘಟ್ಟದ ಮೇಲಿನ ಅರಸು ಬೆಲೆಯ ಮಾತಿಗೆ ಹೆಸರಿನಲ್ಲೇ ಕರಾವಳಿ ಕಾಣುವ ಮನುಷ್ಯನನ್ನೇ ಹಿಡಿಯಬೇಕಾಯಿತು. ಗೆದ್ದವನು ಸೋತವನ ವಿದ್ಯೆ ಕಲಿಯಲು ಕುಳಿತ ದೃಶ್ಯ ಇದು. ಮುಂದೆ ಶಿವಪ್ಪನಾಯಕ 1652ರಿಂದ 1654ರೊಳಗೆ ಬಸರೂರು, ಮಂಗಳೂರು, ಹೊನ್ನಾವರಗಳಿಂದ ಪೋರ್ಚುಗೀಸರನ್ನು ಹೊರಡಿಸಿದ. ಯಾವ ನದಿಯ ಬಾಯಿಗಾಗಿ ಚೆನ್ನಭೈರಾದೇವಿ 1570ರಲ್ಲಿ ಹೋರಾಡಿದ್ದಳೋ ಆ ಬಾಯಿಯನ್ನು ಬಿಡಿಸಿದವನು ಅವಳ ಪಟ್ಟಣವನ್ನು ಹಾಳುಗೆಡವಿದವನ ಮನೆತನದವನೇ. ಆಮೇಲೆ ಗೋವೆಯ ಅನ್ನಕ್ಕೆ ಕೆಳದಿಯ ಬಂದರುಗಳ ಅಕ್ಕಿಯೇ ಗತಿಯಾಯಿತು. ಕೆಳದಿ ಉನ್ನತಿಗೆ ಬಂದದ್ದು ಕೋಲಿನ ಜೊತೆಗೆ ತಕ್ಕಡಿಯನ್ನೂ ಹಿಡಿದ ಮೇಲೆಯೇ ಎಂಬುದನ್ನು ನಮ್ಮ ಕಡೆಯವರು ಅಷ್ಟಾಗಿ ಹೇಳುವುದಿಲ್ಲ.

ಮತ್ತು ಕೋಲಿನ ನಾಡೂ ಉಳಿಯಲಿಲ್ಲವಷ್ಟೆ. 1763ರಲ್ಲಿ ಹೈದರಾಲಿ ಬಿದನೂರನ್ನು ಹೊಕ್ಕ. ಅಲ್ಲಿ ಸಿಕ್ಕ ಐಶ್ವರ್ಯವನ್ನು ವಿಲ್ಕ್ಸ್ 1 ಕೋಟಿ 20 ಲಕ್ಷ ಪೌಂಡೆಂದು ಅಂದಾಜು ಮಾಡಿದ. ಅಂಕಿ ಉಬ್ಬಿದ್ದಿರಬಹುದು, ಹೈದರನ ಮುಂದಿನ ಏಳಿಗೆಗೆ ಅದೇ ಬುನಾದಿಯಾದದ್ದು ಮಾತ್ರ ನಿಜ. ಒಂದೂವರೆ ಶತಮಾನ ಅಳೆದು, ಎಣಿಸಿ, ಕೂಡಿಟ್ಟದ್ದು ಇನ್ನೊಬ್ಬನ ಸೈನ್ಯದ ಸಂಬಳವಾಯಿತು.

ನನ್ನ ಅಜ್ಜಿಯ ತವರು ಘಟ್ಟದ ಕೆಳಗೆ, ಅಜ್ಜನದು ಮೇಲೆ. ಮನೆಯಲ್ಲಿ ಹೆಣ್ಣು ಕೊಡುವ ಮಾತು ಬಂದಾಗ ಅಜ್ಜ ಕೇಳುತ್ತಿದ್ದ ಮೊದಲ ಪ್ರಶ್ನೆ, "ತೋಟ ಎಷ್ಟು?" ಅಜ್ಜಿಯ ಪ್ರಶ್ನೆ, "ಬಂದು ಹೋಗುವವರು ಎಷ್ಟು?" ದಿನಕ್ಕೆ ನಾಲ್ಕು ಎಲೆ ಹೆಚ್ಚು ಹಾಕದ ಮನೆ ಎಷ್ಟು ಎಕರೆಯದಾದರೇನು ಎಂಬುದು ಅವಳ ವಾದ. ಅಜ್ಜ ನಗುತ್ತಿದ್ದ. ಒಂದು ವರ್ಷ ಕೊಳೆರೋಗದಿಂದ ಅಡಕೆಯೆಲ್ಲ ಉದುರಿದಾಗ ಮನೆ ನಡೆದದ್ದು ಅಜ್ಜಿಯ ಕಡೆಯ ಬಂದು ಹೋಗುವವರಿಂದ. ಮರುವರ್ಷ ಅವರಿಗೆ ಮರಳಿ ಕೊಟ್ಟದ್ದು ಅಜ್ಜನ ತೋಟದಿಂದ. ಇದನ್ನು ಇತಿಹಾಸದ ಸಾಕ್ಷಿಯೆಂದು ಯಾವ ವಿದ್ವಾಂಸರೂ ಒಪ್ಪರು. ನಾನು ಹೇಳುವುದೂ ಸಾಕ್ಷಿಗಾಗಿ ಅಲ್ಲ.

ನಮ್ಮ ಕಾಲದಲ್ಲಿ ಇದೇ ಕಣಿವೆಗೆ ಮೂರನೆಯ ಅಳತೆಯೊಂದು ಬಂತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಶರಾವತಿಯ ವಿದ್ಯುದಾಗಾರದ ಶಕ್ತಿ 1035 ಮೆಗಾವಾಟ್. ನಾಡಿನ ಮನೆಮನೆಗೆ ಬೆಳಕು ಹೋಯಿತು, ಅದನ್ನು ಅಲ್ಲಗಳೆಯುವವನು ಕೃತಘ್ನ. ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಊರುಗಳು ನೀರಿನಡಿಗೆ ಹೋದವು. ಅಲ್ಲಿಂದ ಎದ್ದವರಿಗೆ ಇಂದಿಗೂ 'ಮುಳುಗಡೆಯವರು' ಎಂದೇ ಹೆಸರು. ನೆಲದ ಹಕ್ಕಿನ ಕಾಗದಕ್ಕಾಗಿ ಮಕ್ಕಳು ಮೊಮ್ಮಕ್ಕಳೂ ಅಲೆದಿದ್ದಾರೆ. ಮೆಗಾವಾಟಿನ ಕೋಲಿನಿಂದ ಅಳೆದಾಗ ಗೆಲುವು, ದಾಯದ ಕೋಲಿನಿಂದ ಅಳೆದಾಗ ಸೋಲು. ದಾಯದ ಕೋಲನ್ನು ಕಲ್ಲಿನಲ್ಲಿ ಸ್ಥಾಪಿಸಿಟ್ಟ ಸೀಮೆಯಲ್ಲೇ ನೆಲದ ಲೆಕ್ಕ ಹೀಗೆ ತಪ್ಪಿಹೋದದ್ದನ್ನು ನೋಡಲು ಶಿವಪ್ಪನಾಯಕ ಇರಲಿಲ್ಲ, ಪುಣ್ಯವಂತ.

ಗೇರುಸೊಪ್ಪೆ ಅಳಿದಿದ್ದರೂ ಅದರ ಹೆಸರು ಮಾತ್ರ ಹೆಜ್ಜೆ ತಪ್ಪಿಸಿಕೊಂಡು ಉಳಿದ ರೀತಿ ತಮಾಷೆಯದು. ಬ್ರಿಟಿಷರು ಜೋಗವನ್ನು ಗೇರುಸೊಪ್ಪೆಯ ಜಲಪಾತವೆಂದೇ ಪುಸ್ತಕಗಳಲ್ಲಿ ಬರೆದರು. ಇಕ್ಕೇರಿಯೂ ಹಾಗೆಯೇ: ರಾಜಧಾನಿ ಬಿದನೂರಿಗೆ ಹೋದ ಮೇಲೂ ನಾಣ್ಯದ ಹೆಸರು ಇಕ್ಕೇರಿ ವರಹವೇ. ನೆಲವನ್ನು ನಂಬಿದವರ ಹೆಸರು ಕೈಯಿಂದ ಕೈಗೆ ಓಡಾಡುವ ನಾಣ್ಯದ ಮೇಲೆ ಕೂತಿತು. ಓಡಾಟವನ್ನು ನಂಬಿದವರ ಹೆಸರು ಕದಲದ ಬಂಡೆಯ ಮೇಲೆ ಕೂತಿತು.

ಆ ಹುಡುಗನನ್ನು ಮತ್ತೆ ಕರೆದು, ಗೆದ್ದವರು ಯಾರೆಂದು ನಾನು ಹೇಳಿದ್ದು ಅವಸರದ ಉತ್ತರ, ಎರಡೂ ಊರನ್ನು ನೋಡಿ ಬಂದು ನೀನೇ ಬರೆ ಎಂದೆ. ಅವನು ಇಕ್ಕೇರಿಗೆ ಹೋಗಿ ನಡುಗಂಬಗಳ ನಡುವೆ ಹೆಜ್ಜೆಯಿಟ್ಟು ಅಳೆದು ಬಂದ. ಏಳು ಹೆಜ್ಜೆ, ಚೂರು ಹೆಚ್ಚು ಎಂದ. ಗೇರುಸೊಪ್ಪೆಗೂ ಹೋಗಿದ್ದನಂತೆ. ಬಸದಿಯ ಕಡೆಗೆ ದಾಟಿಸುವ ದೋಣಿಯವನು ಊಟಕ್ಕೆ ಹೋಗಿದ್ದ. ಎರಡು ತಾಸು ದಡದಲ್ಲಿ ಕಾದು, ಕೊನೆಯ ಬಸ್ಸು ತಪ್ಪೀತೆಂದು ಮರಳಿದನಂತೆ. ಬರುವ ರವಿವಾರ ಇನ್ನೊಮ್ಮೆ ಹೋಗುತ್ತಾನೆ.